ಸಿಪಾಯಿಯ ದುಡ್ಡು: ಋಣವೋ, ಇನಾಮೋ?

ಆತಕೂರು ಶಾಸನವೆಂದರೆ ಎಲ್ಲರಿಗೂ ನೆನಪಾಗುವುದು ನಾಯಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಕಾಳಿ ಎಂಬ ಬೇಟೆನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವಿದೆ. ಕಾಳಗದಲ್ಲಿ ತೋರಿದ ಸಾಹಸಕ್ಕೆ ಮೆಚ್ಚಿ ‘ಏನು ಬೇಕು ಕೇಳು’ ಎಂದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಮಣಲೆರನೆಂಬ ಬಂಟ ಕೇಳಿ ಪಡೆದದ್ದು ಆ ನಾಯಿಯನ್ನು. ಕಥೆ ಸೊಗಸಾಗಿದೆ, ಶಾಲೆಯ ಪಾಠದಲ್ಲೂ ಬಂದಿದೆ. ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ಲೆಕ್ಕವೂ ಇರುವುದನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. 949ರ ತಕ್ಕೋಲಂ ಕಾಳಗದಲ್ಲಿ ಚೋಳರ ರಾಜಾದಿತ್ಯ ಸತ್ತ ಮೇಲೆ, ಮಣಲೆರನ ಒಡೆಯನಾದ ಗಂಗ ಬೂತುಗ ತನ್ನ ಬಂಟನಿಗೆ ನಾಯಿಯಲ್ಲಿ ಮುಗಿಸಲಿಲ್ಲ. ಆತಕೂರು ಹನ್ನೆರಡು ಎಂಬ ಹಳ್ಳಿಗಳ ಕಟ್ಟನ್ನೇ ಅವನಿಗೆ ಬಿಟ್ಟುಕೊಟ್ಟ. ಕೊಟ್ಟದ್ದಕ್ಕೆ ಶಾಸನ ಇಡುವ ಹೆಸರು ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದದ್ದು. ರಕ್ತ ಅಂಟಿದ ಕತ್ತಿಯನ್ನು ತೊಳೆದು, ಆ ನೀರಿನೊಡನೆ ಧಾರೆಯೆರೆದ ಭೂಮಿ ಅದು.

ಇಂಥ ಮಾತುಗಳು ಹಳೆಯ ಕನ್ನಡ ಶಾಸನಗಳಲ್ಲಿ ಬೇಕಾದಷ್ಟಿವೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ವೀರನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಬಿಟ್ಟ ಊರು ಕಲ್ನಾಡು. ಬೇಗೂರಿನ ದೊಡ್ಡ ವೀರಗಲ್ಲಿನಲ್ಲಿ, ನಾಗತ್ತರ ಬಿದ್ದ ಮೇಲೆ ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೇಗೂರಿನ ಸುತ್ತಲಿನ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ ವಿವರವಿದೆ. ಇತ್ತ ಬಂಟನ ಕಡೆಯಿಂದ ಸಲ್ಲಬೇಕಾದದ್ದಕ್ಕೆ ‘ಜೋಳವಾಳಿ’ ಎಂಬ ಹೆಸರು. ಉಂಡ ಜೋಳದ ಋಣ ತೀರಿಸುವುದು ಎಂದು ಅರ್ಥ. ಒಡೆಯ ಜೋಳ ಹಾಕಿದ, ಬಂಟ ತಲೆ ಕೊಟ್ಟ, ಒಡೆಯ ಮತ್ತೆ ಭೂಮಿ ಬಿಟ್ಟ. ಬಡ್ಡಿ ಚಕ್ರಬಡ್ಡಿಗಳಿರುವ ಸಾಲದ ಪುಸ್ತಕದಂತೆ ಇದು ಎರಡೂ ಕಡೆಗೆ ನಡೆಯುವ ಖಾತೆ. ಬಂಟನ ಪಾಲಿಗೆ ಸಿಕ್ಕ ಭೂಮಿಯನ್ನು ಯಾರೂ ಭಿಕ್ಷೆ ಎನ್ನಲಿಲ್ಲ, ದಯೆ ಎಂದೂ ಎನ್ನಲಿಲ್ಲ.

ಈಗ ಮೈಸೂರಿಗೆ ಬರೋಣ. ನವೆಂಬರ್ ತಿಂಗಳು ಬಂತೆಂದರೆ ಊರಿನ ಬ್ಯಾಂಕುಗಳಲ್ಲಿ ಪಿಂಚಣಿದಾರರ ಸಾಲು. ತಾನು ಇನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ರುಜುವಾತು ಕೊಡಬೇಕು. ಆ ಸಾಲಿನಲ್ಲಿ ನರೆತ ತಲೆಗಳ ನಡುವೆ ನಲವತ್ತರ ಆಸುಪಾಸಿನ, ನೆಟ್ಟಗೆ ನಿಂತ ಒಬ್ಬಿಬ್ಬರು ಕಾಣಿಸುತ್ತಾರೆ. ಅವರು ಮಿಲಿಟರಿಯಿಂದ ಬಂದವರು. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಈ ಊರಿನಲ್ಲಿ ಮೇಷ್ಟರ ಪಿಂಚಣಿಯನ್ನು, ಗುಮಾಸ್ತರ ಪಿಂಚಣಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಈ ನಲವತ್ತರವನನ್ನು ಕಂಡಾಗ ಪಕ್ಕದವರ ಬಾಯಲ್ಲಿ ಬರುವುದು ಒಂದೇ ಮಾತು: ‘ಅವನಿಗೇನಪ್ಪಾ, ಈ ವಯಸ್ಸಿಗೇ ಪಿಂಚಣಿ, ಮೇಲೆ ಕ್ಯಾಂಟೀನು.’ ಅದೇ ವ್ಯಕ್ತಿ ಗಡಿಯಲ್ಲಿ ಸತ್ತು ಪೆಟ್ಟಿಗೆಯಲ್ಲಿ ಬಂದಿದ್ದರೆ ಹಾದಿಯುದ್ದಕ್ಕೂ ಹೂವು ಚೆಲ್ಲುತ್ತಿದ್ದವರೂ ಇವರೇ. ಈ ಎರಡು ಭಾವನೆಗಳು ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿಕೊಂಡಿವೆ ಎಂಬುದು ಯೋಚಿಸಬೇಕಾದ ವಿಷಯ. ಅದರ ಬೇರುಗಳು ಮೈಸೂರಿನ ಸುತ್ತಮುತ್ತಲೇ ಇವೆ.

ನೆತ್ತರುಗೊಡಗೆಯ ಕಾಲದಿಂದ ಸಂಬಳದ ಕಾಲಕ್ಕೆ ಬಂದಾಗ ಲೆಕ್ಕ ಕೆಡತೊಡಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಸೈನ್ಯ ಟಿಪ್ಪುವಿನ ಖಜಾನೆಯನ್ನು ಹಂಚಿಕೊಂಡ ಬಗೆ ಇದಕ್ಕೆ ದೊಡ್ಡ ನಿದರ್ಶನ. ಕೊಳ್ಳೆಯ ಒಟ್ಟು ಬೆಲೆ ಹತ್ತು ಲಕ್ಷ ಪೌಂಡಿಗೂ ಮಿಕ್ಕಿತ್ತು. ಸೇನಾಪತಿ ಜನರಲ್ ಹ್ಯಾರಿಸ್‌ನ ಪಾಲಿಗೆ ಬಂದದ್ದು ಸುಮಾರು 1 ಲಕ್ಷ 42 ಸಾವಿರ ಪೌಂಡ್. ಗೋಡೆ ಹತ್ತಿದ ಬಿಳಿಯ ಸಿಪಾಯಿಗೆ ಸುಮಾರು 7 ಪೌಂಡ್, ಅವನ ಪಕ್ಕದಲ್ಲೇ ಹತ್ತಿದ ದೇಶೀ ಸಿಪಾಯಿಗೆ 5 ಪೌಂಡ್. ಹ್ಯಾರಿಸ್ ತನಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಂಡನೆಂದು ಇಂಗ್ಲೆಂಡಿನಲ್ಲಿ ತಕರಾರೂ ಎದ್ದಿತು. ಸಿಪಾಯಿಯ 5 ಪೌಂಡಿನ ವಿಷಯದಲ್ಲಿ ಅಂಥ ಗದ್ದಲವೇನೂ ಆಗಲಿಲ್ಲ.

ಸೋತವರ ಕಡೆ ಏನಾಯಿತು? ಟಿಪ್ಪುವಿನ ದೊಡ್ಡ ಸರದಾರರಿಗೆ ಜಹಗೀರು, ವರ್ಷಾಶನಗಳು ದೊರೆತವು. ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರೇ ಸಿಕ್ಕಿತು. ಕೆಳಗಿನ ಸಿಪಾಯಿಗಳಲ್ಲಿ ಕೆಲವರನ್ನು ಪೂರ್ಣಯ್ಯನವರು ಹೊಸ ಮೈಸೂರು ಸೇನೆಗೆ ಸೇರಿಸಿಕೊಂಡರು, ಉಳಿದವರು ಚದುರಿದರು. ಹೀಗೆ ಉಳಿದುಕೊಂಡ ಕುದುರೆ ಪಡೆಯಲ್ಲಿದ್ದದ್ದು ಸಿಲೇದಾರಿ ಪದ್ಧತಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸೈನಿಕನ ಹಣಕಾಸು ಎಷ್ಟು ಅಪಾಯದ ವ್ಯವಹಾರವಾಗಿತ್ತೆಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಸಿಲೇದಾರನೆಂದರೆ ಆಯುಧ ಉಳ್ಳವನು. ಕುದುರೆ ಅವನದೇ, ಜೀನು ಅವನದೇ, ಕತ್ತಿ ಅವನದೇ. ಸರ್ಕಾರ ಕೊಡುವ ತಿಂಗಳ ಸಂಬಳದಲ್ಲಿ ಅವನ ಹೊಟ್ಟೆಯೂ ತುಂಬಬೇಕು, ಕುದುರೆಯ ಹುರುಳಿ ಹುಲ್ಲೂ ಬರಬೇಕು. ಕುದುರೆ ಸತ್ತರೆ ಕೆಲಸವೂ ಸತ್ತಂತೆ, ಇನ್ನೊಂದನ್ನು ಸಾಲ ಮಾಡಿಯಾದರೂ ತರಬೇಕು. ಕುದುರೆ ಕೊಳ್ಳಲು ಗತಿಯಿಲ್ಲದವನು ಇನ್ನೊಬ್ಬನ ಕುದುರೆ ಹತ್ತಿ ‘ಬಾರ್ಗೀರ’ನಾಗುತ್ತಿದ್ದ. ಆಗ ಕುದುರೆಯ ಪಾಲು ಯಜಮಾನನಿಗೆ, ಉಳಿದದ್ದು ಮಾತ್ರ ಇವನಿಗೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸ್ವಂತ ಆಟೋ ಓಡಿಸುವವನಿಗೂ ಬಾಡಿಗೆ ಆಟೋ ಓಡಿಸುವವನಿಗೂ ಇರುವ ವ್ಯತ್ಯಾಸ. ವ್ಯತ್ಯಾಸವೆಂದರೆ ಇಲ್ಲಿ ಗುಂಡೂ ಹಾರುತ್ತಿತ್ತು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಹೋದ ಮೈಸೂರು ಸವಾರರು ಇಂಥವರೇ.

1807ರ ಒಪ್ಪಂದದ ಪ್ರಕಾರ ಮೈಸೂರು ಶಾಂತಿಯ ಕಾಲದಲ್ಲೂ 4,000 ಸವಾರರನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕಿತ್ತು. ಕರೆದಾಗ ಬರಬೇಕಾದದ್ದು ಕಂಪನಿಗೆ, ಸಾಕಬೇಕಾದದ್ದು ಮೈಸೂರಿನ ಬೊಕ್ಕಸ. ಪೂರ್ಣಯ್ಯನವರು ಬಿಟ್ಟುಹೋದ ಹಣ ಕರಗಿದಂತೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸೇನೆಯ ಸಂಬಳ ತಿಂಗಳುಗಟ್ಟಲೆ ಬಾಕಿ ಬೀಳತೊಡಗಿತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಹಣಕಾಸಿನ ಬಗ್ಗೆ ಎಚ್ಚರಿಸಿ ಹೋದ. ನಗರದ ದಂಗೆಯ ನಂತರ 1831ರಲ್ಲಿ ಕಂಪನಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಾಗ ಕೊಟ್ಟ ಕಾರಣಗಳಲ್ಲಿ ಹಣಕಾಸಿನ ಅವ್ಯವಸ್ಥೆಯೂ ಒಂದು. ದರ್ಬಾರಿನ ದುಂದುವೆಚ್ಚದ ಬಗ್ಗೆ ಇತಿಹಾಸಕಾರರು ಪುಟಗಟ್ಟಲೆ ಬರೆದಿದ್ದಾರೆ. ಬಾಕಿ ಸಂಬಳ ಕಾಯುತ್ತ ಕುದುರೆಗೆ ಹುರುಳಿ ಸಾಲ ತರುತ್ತಿದ್ದ ಸಿಲೇದಾರನ ಬಗ್ಗೆ ಬರೆದದ್ದು ಒಂದೆರಡು ಸಾಲು.

ಪಕ್ಕದ ಕೊಡಗಿನಲ್ಲಿ ಮಾತ್ರ ಹಳೆಯ ಲೆಕ್ಕ ಬಹುಕಾಲ ಉಳಿಯಿತು. ಅಲ್ಲಿನ ಜಮ್ಮಾ ಭೂಮಿಗೆ ಕಂದಾಯ ಸಾಗು ಭೂಮಿಯ ಅರ್ಧದಷ್ಟು. ಬದಲಿಗೆ ರಾಜ ಕರೆದಾಗ ಆಯುಧ ಹಿಡಿದು ಬರಬೇಕು. ಇದನ್ನು ಕಂಡು ‘ಕೊಡಗಿನವರಿಗೆ ಕಂದಾಯ ಮಾಫಿ’ ಎಂದು ಬಯಲುಸೀಮೆಯವರು ಕರುಬಿದ್ದುಂಟು. ಅದು ಮಾಫಿಯಲ್ಲ, ಮುಂಗಡ ಎಂಬುದು ಅವರಿಗೆ ತಿಳಿಯದು.

ಮೈಸೂರಿನಲ್ಲಿ 1892ರಲ್ಲಿ ಇಂಪೀರಿಯಲ್ ಸರ್ವಿಸ್ ಲಾನ್ಸರ್ಸ್ ಪಡೆ ಕಟ್ಟಿದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟ ಸಂಗತಿ ಪ್ರಸಿದ್ಧ. ಅದರೊಡನೆ ಹೋದ ಲಾನ್ಸರ್ಸ್ ಸವಾರರು ಸೂಯೆಜ್ ಕಾಲುವೆ ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ದಿಲ್ಲಿಯ ತೀನ್‌ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು, ಉಳಿದೆರಡು ಹೈದರಾಬಾದ್ ಮತ್ತು ಜೋಧಪುರದವು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಅರಸರ 50 ಲಕ್ಷ ಎಷ್ಟೆಂದು ಮೈಸೂರಿನ ಇತಿಹಾಸ ಓದಿದವರು ಥಟ್ಟನೆ ಹೇಳಬಲ್ಲರು. ಸವಾರನಿಗೆ ತಿಂಗಳಿಗೆ ಎಷ್ಟು ಸಿಗುತ್ತಿತ್ತು, ಹಿಂದಿರುಗಿ ಬಂದಾಗ ಎಷ್ಟು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. ಶೌರ್ಯಕ್ಕೆ ವಿಗ್ರಹ ಸಾಕು, ಲೆಕ್ಕ ಬೇಡ ಎಂಬ ಮನೋಭಾವ ಆಗಲೇ ಊರಿತ್ತು.

ಎರಡನೆಯ ಮಹಾಯುದ್ಧ ಮುಗಿದಾಗ ಇದರ ಬಿಸಿ ಹಳ್ಳಿಹಳ್ಳಿಗೂ ತಟ್ಟಿತು. ಬರ್ಮಾ, ಆಫ್ರಿಕಾ ಕಂಡು ಬಂದ ಹುಡುಗರು ಕೈಗೆ ಒಂದಿಷ್ಟು ದುಡ್ಡು, ಒಂದು ಬಿಡುಗಡೆ ಪತ್ರ ಹಿಡಿದು ಮನೆಗೆ ಬಂದರು. ಪಿಂಚಣಿಗೆ ಬೇಕಾದ 15 ವರ್ಷದ ಸೇವೆ ಅವರಲ್ಲಿ ಹೆಚ್ಚಿನವರಿಗೆ ಆಗಿರಲಿಲ್ಲ. ಹಳ್ಳಿಯಲ್ಲಿ ಅವರಿಗೆ ಸಿಕ್ಕ ಪದವಿ ‘ಮಿಲ್ಟ್ರಿ’ ಎಂಬ ವಿಶೇಷಣ: ಮಿಲ್ಟ್ರಿ ರಾಮಣ್ಣ, ಮಿಲ್ಟ್ರಿ ಮಾದಪ್ಪ. ಜಮೀನಿಲ್ಲದ ಮಿಲ್ಟ್ರಿ ರಾಮಣ್ಣ ದರಖಾಸ್ತು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವುದು ಅಲ್ಲಿಂದಾಚೆ ಮೈಸೂರು ಸೀಮೆಯ ಮಾಮೂಲು ದೃಶ್ಯವಾಯಿತು. ಸರ್ಕಾರಿ ಜಮೀನು ಹಂಚುವ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಒಂದು ಪಾಲು ಮೀಸಲಿಟ್ಟದ್ದೇನೋ ನಿಜ. ಆದರೆ ಪಾಲು ಇರುವುದು ಬೇರೆ, ಸರ್ವೆ ನಂಬರು ಕೈಗೆ ಬರುವುದು ಬೇರೆ.

1974ರ ಭೂಸುಧಾರಣೆಯ ಹೊತ್ತಿಗೆ ಸೈನಿಕನ ಭೂಮಿಯ ಪ್ರಶ್ನೆ ಇನ್ನೊಂದು ರೂಪ ತಾಳಿತು. ಉಳುವವನೇ ಒಡೆಯ ಎಂದು ಗೇಣಿ ಪದ್ಧತಿಯನ್ನು ಬೇರುಸಹಿತ ಕಿತ್ತ ಕಾನೂನು, ಸೇವೆಯಲ್ಲಿರುವ ಸೈನಿಕ ಮತ್ತು ನಾವಿಕರಿಗೆ ಮಾತ್ರ ಜಮೀನನ್ನು ಗೇಣಿಗೆ ಕೊಡಲು, ಮರಳಿ ಬಂದಾಗ ಬಿಡಿಸಿಕೊಳ್ಳಲು ಅವಕಾಶ ಇಟ್ಟಿತು. ಕಾರಣ ಸರಳ: ಲಡಾಖಿನಲ್ಲಿ ಕಾವಲು ನಿಂತವನು ಮನೆಯ ಎರಡೆಕರೆ ಉಳುವುದು ಹೇಗೆ? ಆದರೆ ಅದನ್ನು ಉಳುತ್ತಿದ್ದ ಗೇಣಿದಾರನೂ ಬಡವನೇ. ಪಕ್ಕದ ಹೊಲದ ಗೇಣಿದಾರ ಒಡೆಯನಾದ, ತಾನು ಮಾತ್ರ ಬಿಡಬೇಕಾಯಿತು ಎಂದರೆ ಅವನಿಗೆ ಸೈನಿಕನ ಮೇಲೆ ಪ್ರೀತಿ ಉಕ್ಕುವುದು ಸಾಧ್ಯವಿಲ್ಲ. ಸೈನಿಕನಿಗೆ ಸಲ್ಲಬೇಕಾದ ಋಣವನ್ನು ನಾಡು ಇನ್ನೊಬ್ಬ ಬಡವನ ತಟ್ಟೆಯಿಂದ ತೆಗೆದು ತೀರಿಸಲು ಹೊರಟಾಗಲೆಲ್ಲ ಇಂಥ ಕಹಿ ಹುಟ್ಟಿದೆ.

ಇನ್ನು ಆ ‘ಚಿಕ್ಕ ವಯಸ್ಸಿನ ಪಿಂಚಣಿ’ಯ ಮಾತು. ಸೈನ್ಯಕ್ಕೆ ಎಳೆಯ ಮೈ ಬೇಕು. ಹಿಮದ ಬೆಟ್ಟ ಹತ್ತುವ ಕೆಲಸವನ್ನು ಐವತ್ತೆಂಟರವರಿಂದ ಮಾಡಿಸಲಾಗದು. ಆದ್ದರಿಂದ ಸಾಮಾನ್ಯ ಜವಾನನನ್ನು ಮೂವತ್ತೈದು ನಲವತ್ತರ ನಡುವೆಯೇ ಮನೆಗೆ ಕಳಿಸುತ್ತಾರೆ. ಗುಮಾಸ್ತ ಅರವತ್ತರವರೆಗೆ ಪೂರ್ತಿ ಸಂಬಳ ಎಣಿಸುತ್ತಾನೆ. ಜವಾನನಿಗೆ ಮಕ್ಕಳು ಪ್ರೈಮರಿ ಶಾಲೆಯಲ್ಲಿರುವಾಗಲೇ ಸಂಬಳ ನಿಂತು, ಅರ್ಧಕ್ಕಿಳಿದ ಪಿಂಚಣಿ ಶುರುವಾಗುತ್ತದೆ. ನೋಡುವವರಿಗೆ ಕಾಣುವುದು ಬೇಗ ಬಂದ ಪಿಂಚಣಿ, ಕಾಣದಿರುವುದು ಬೇಗ ನಿಂತ ಸಂಬಳ. ಬ್ಯಾಂಕಿನ ಬಾಗಿಲಲ್ಲಿ, ಎ.ಟಿ.ಎಂ. ಮುಂದೆ, ಕಾರ್ಖಾನೆಯ ಗೇಟಿನಲ್ಲಿ ಬಂದೂಕು ಹಿಡಿದೋ ರಿಜಿಸ್ಟರ್ ಹಿಡಿದೋ ಕೂತವರಲ್ಲಿ ಮಾಜಿ ಸೈನಿಕರು ಇಷ್ಟೊಂದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಕ್ಯಾಂಟೀನಿನ ಮಾತೂ ಅಷ್ಟೇ. ಅಲ್ಲಿ ಸೋಪು, ಸೂಟ್‌ಕೇಸು, ಫ್ರಿಜ್ಜು ಸ್ವಲ್ಪ ಅಗ್ಗ, ನಿಜ. ಜನರ ಕಣ್ಣು ಇರುವುದು ಮಾತ್ರ ತಿಂಗಳ ಬಾಟಲಿಗಳ ಮೇಲೆ. ‘ಮಿಲಿಟರಿಯವರಿಗೆ ಏನು ಮಜಾ’ ಎಂದು ಮೂಗು ಮುರಿಯುವವರೇ ಸಂಜೆ ಹೊತ್ತು ಮನೆ ಬಾಗಿಲಿಗೆ ಬಂದು ‘ನಮ್ಮ ಭಾವನವರು ಬಂದಿದ್ದಾರೆ, ಒಂದು ಇದ್ದರೆ…’ ಎಂದು ತಡವರಿಸುವುದು ಮೈಸೂರಿನ ಬಡಾವಣೆಗಳಲ್ಲಿ ಹೊಸದೇನಲ್ಲ.

ಪಿಂಚಣಿ ಎಂಬುದು ಯಜಮಾನ ಮೆಚ್ಚಿ ಎಸೆದ ಇನಾಮಲ್ಲ, ಹಿಂದೆ ಮಾಡಿದ ದುಡಿಮೆಗೆ ಸಲ್ಲುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಸಾವಿರ ವರ್ಷದ ಹಿಂದೆ ಆತಕೂರಿನವರಿಗೆ ಹೇಳಬೇಕಾಗಿಲ್ಲದಿದ್ದ ಮಾತನ್ನು ನ್ಯಾಯಾಲಯ ಹೇಳಬೇಕಾಯಿತು. ಆದರೂ ಸೈನಿಕರ ತಕರಾರು ಮುಗಿಯಲಿಲ್ಲ. 1973ರ ಮೂರನೆಯ ವೇತನ ಆಯೋಗದ ನಂತರ ತಮ್ಮ ಪಿಂಚಣಿಯ ದರ ಇಳಿಯಿತು, ಸಿವಿಲ್ ನೌಕರರದು ಏರಿತು ಎಂಬುದು ನಿವೃತ್ತ ಯೋಧರ ಸಂಘಟನೆಗಳ ಹಳೆಯ ದೂರು. ಅದಕ್ಕಿಂತ ಹೆಚ್ಚು ಕೆರಳಿಸಿದ್ದು ಇನ್ನೊಂದು ವಿಚಿತ್ರ. ಒಂದೇ ದರ್ಜೆ, ಒಂದೇ ಸೇವಾವಧಿಯ ಇಬ್ಬರು ಹವಾಲ್ದಾರರಲ್ಲಿ 2005ರಲ್ಲಿ ಮನೆಗೆ ಬಂದವನಿಗೆ ಕಡಿಮೆ, ಹೊಸ ವೇತನ ಶ್ರೇಣಿ ಜಾರಿಗೆ ಬಂದ 2006ರ ನಂತರ ಬಂದವನಿಗೆ ಹೆಚ್ಚು. ಹಳಬ ಇನ್ನೂ ಹಳಬನಾದಷ್ಟೂ ಹಿಂದೆ ಬೀಳುತ್ತಿದ್ದ. ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಎಂಬ ಕೂಗು ಹುಟ್ಟಿದ್ದು ಇದರಿಂದ.

2015ರ ಜೂನ್‌ನಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಪದಕ ಧರಿಸಿದ ಮುದುಕರು ಸರದಿ ಉಪವಾಸ ಕೂತರು. ಸ್ವಾತಂತ್ರ್ಯೋತ್ಸವದ ಹಿಂದಿನ ದಿನ ಪೊಲೀಸರು ಅವರನ್ನು ಎಬ್ಬಿಸಲು ಹೋದ ದೃಶ್ಯ ಟಿ.ವಿ.ಯಲ್ಲಿ ಬಂದಾಗ ನಾಡಿನ ಜನ ಮರುಗಿದರು. ಸೆಪ್ಟೆಂಬರ್ 5ರಂದು ಸರ್ಕಾರ ಒಪ್ಪಿತು, ನವೆಂಬರ್ 7ರಂದು ಆದೇಶವಾಯಿತು. 2014ರ ಜುಲೈ 1ರಿಂದ ಅನ್ವಯ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಪ್ರತಿವರ್ಷ ಪರಿಷ್ಕರಿಸಬೇಕೆಂದು ಯೋಧರು ಕೋರ್ಟಿಗೆ ಹೋದರು. 2022ರ ಮಾರ್ಚ್ 16ರಂದು ಸುಪ್ರೀಂ ಕೋರ್ಟ್ ಸರ್ಕಾರದ ಪದ್ಧತಿಯನ್ನೇ ಎತ್ತಿಹಿಡಿಯಿತು.

ಇತ್ತ ಲೆಕ್ಕ ಬಲ್ಲವರದೂ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 2024–25ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟ ಸುಮಾರು 6.21 ಲಕ್ಷ ಕೋಟಿ ರೂಪಾಯಿಯಲ್ಲಿ 1.41 ಲಕ್ಷ ಕೋಟಿ ಪಿಂಚಣಿಗೇ ಹೋಯಿತು. ಪಿಂಚಣಿ ಬೆಳೆದಷ್ಟೂ ಫಿರಂಗಿಗೆ ಉಳಿಯುವ ಹಣ ಕಡಿಮೆ. ಆದರೆ ಈ ಮೊತ್ತವನ್ನು ಎತ್ತಿ ತೋರಿಸುವವರು ಹೇಳದೆ ಬಿಡುವ ಸಂಗತಿಯೊಂದಿದೆ: ಇದರಲ್ಲಿ ರಕ್ಷಣಾ ಇಲಾಖೆಯ ಸಿವಿಲ್ ನೌಕರರ ಪಿಂಚಣಿಯೂ ಸೇರಿದೆ.

ಬದುಕಿದ್ದವನ ಬಗ್ಗೆ ಇಷ್ಟು ಚೌಕಾಸಿ ಮಾಡುವ ಸಮಾಜ ಸತ್ತವನ ಬಗ್ಗೆ ಧಾರಾಳಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತಿದೆ. ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕೊಟ್ಟು ಕಾಗದದ ಪುಟ್ಟ ಬಾವುಟ ಎದೆಗೆ ಚುಚ್ಚಿಕೊಂಡದ್ದನ್ನು ಹಿರಿಯರು ಮರೆತಿಲ್ಲ. ಆಗ ಕಾಸಿನ ಲೆಕ್ಕದಲ್ಲಿದ್ದ ಔದಾರ್ಯ 1999ರ ಕಾರ್ಗಿಲ್ ಯುದ್ಧದ ವೇಳೆಗೆ ಲಕ್ಷಗಳಿಗೆ ಏರಿತು. ಹುತಾತ್ಮರ ಮನೆಯವರಿಗೆ ಪೆಟ್ರೋಲ್ ಬಂಕು, ಗ್ಯಾಸ್ ಏಜೆನ್ಸಿ ದೊರೆತವು. ಸಲ್ಲಬೇಕಾದದ್ದೇ. ಆದರೆ 1962ರಲ್ಲಿ, 1965ರಲ್ಲಿ ಗಂಡನನ್ನು ಕಳೆದುಕೊಂಡು ಸಣ್ಣ ಪಿಂಚಣಿಯಲ್ಲಿ ಮಕ್ಕಳನ್ನು ಸಾಕಿದ ಹೆಂಗಸರು ಟಿ.ವಿ. ಇಲ್ಲದ ಕಾಲದಲ್ಲಿ ವಿಧವೆಯಾದದ್ದೇ ಅವರ ತಪ್ಪು ಎಂಬಂತಾಯಿತು.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸತ್ತ ಸಿ.ಆರ್.ಪಿ.ಎಫ್. ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನವರು. ಆತಕೂರಿನ ಸೀಮೆಯೇ. ನೆರವಿನ ಹಣ ಹರಿದು ಬಂತು, ಅರ್ಧ ಎಕರೆ ಭೂಮಿ ಕೊಡುವೆನೆಂದವರೂ ಇದ್ದರು. ಬಾಳ್ಗಚ್ಚಿನ ನೆಲದಲ್ಲಿ ಮತ್ತೆ ಭೂಮಿಯ ಮಾತು ಬಂದದ್ದು ವಿಶೇಷ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಆಗ ಮುಂದೆ ಬರಲಿಲ್ಲ: ಕೇಂದ್ರ ಮೀಸಲು ಪೊಲೀಸ್ ಪಡೆ ಸೈನ್ಯದ ಲೆಕ್ಕಕ್ಕೆ ಬರುವುದಿಲ್ಲ. 2004ರ ಜನವರಿ 1ರ ನಂತರ ಅದಕ್ಕೆ ಸೇರಿದವರನ್ನು ಇತರ ಕೇಂದ್ರ ನೌಕರರಂತೆ ಹೊಸ ಪಿಂಚಣಿ ವ್ಯವಸ್ಥೆಗೆ ಸೇರಿಸಲಾಗಿತ್ತು. ಸೈನಿಕನಿಗೆ ಉಳಿಸಿದ ಹಳೆಯ ಪಿಂಚಣಿ ಇವರಿಗೆ ಇರಲಿಲ್ಲ. ಗುಂಡು ಮಾತ್ರ ಇಬ್ಬರಿಗೂ ಒಂದೇ.

ಧಾರಾಳತನಕ್ಕೂ ಕಟ್ಟಳೆಗಳುಂಟು. ಶೌರ್ಯ ಪ್ರಶಸ್ತಿ ಪಡೆದು ಸತ್ತವನ ಹೆಂಡತಿಗೆ ಆ ಪ್ರಶಸ್ತಿಯ ಭತ್ಯೆ ಸಲ್ಲುತ್ತಿತ್ತು. ಆದರೆ ಆಕೆ ಮರುಮದುವೆಯಾದರೆ, ಗಂಡನ ಸೋದರನನ್ನು ಮದುವೆಯಾದಾಗ ಮಾತ್ರ ಅದು ಮುಂದುವರಿಯುತ್ತಿತ್ತು. ಈ ನಿಯಮವನ್ನು ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಹಣ ಆಕೆಯದಲ್ಲ, ಮನೆತನದ್ದು ಎಂಬ ಭಾವನೆ ಅಷ್ಟು ದೀರ್ಘಕಾಲ ಸರ್ಕಾರದ ಕಡತದಲ್ಲೇ ಕೂತಿತ್ತು. ಪರಿಹಾರದ ಹಣ ತಾಯಿಗೋ ಹೆಂಡತಿಗೋ ಎಂದು ಹಳ್ಳಿಯ ಜಗಲಿಯಲ್ಲಿ ತೀರ್ಪು ಕೊಡುವವರನ್ನೊಬ್ಬರನ್ನೇ ದೂರಿ ಫಲವಿಲ್ಲ.

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ಖಾತೆಯ ಹೊಸ ಪುಟ. ನಾಲ್ಕು ವರ್ಷ ಸೇವೆ, ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇಕಡಾ 30 ನಿಧಿಗೆ ಕಡಿತ. ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಕೊನೆಗೆ ಕೈಗೆ ಬರುವುದು ಬಡ್ಡಿ ಸೇರಿ ಸುಮಾರು 11.71 ಲಕ್ಷ ಎಂದು ಯೋಜನೆ ಪ್ರಕಟಿಸಿದಾಗ ಲೆಕ್ಕ ಕೊಟ್ಟರು. ನಾಲ್ವರಲ್ಲಿ ಒಬ್ಬನಿಗೆ ಮುಂದುವರಿಯುವ ಅವಕಾಶ, ಉಳಿದ ಮೂವರಿಗೆ ಪಿಂಚಣಿ ಇಲ್ಲ. ಪಿಂಚಣಿಯ ಭಾರ ಇಳಿಯುತ್ತದೆ, ಸೈನ್ಯ ಇನ್ನೂ ಎಳೆಯದಾಗುತ್ತದೆ ಎಂಬುದು ಒಂದು ಕಡೆಯ ಮಾತು. ನಲವತ್ತರ ಪಿಂಚಣಿದಾರನನ್ನು ಕಂಡು ಕರುಬುತ್ತಿದ್ದ ನೆರೆಯವರಿಗೆ ಇನ್ನು ಕರುಬಲು ಏನೂ ಉಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

2022ರ ಕೊನೆ ಮತ್ತು 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ಮಿಲಿಟರಿ ಗಂಡಿಗೆ ಹೆಣ್ಣು ಕೊಡುವಾಗ ಹಿಂದೆ ‘ಗಡಿಯಲ್ಲಿ ಏನಾದರೂ ಆದರೆ?’ ಎಂದು ಮಾತ್ರ ಕೇಳುತ್ತಿದ್ದರು. ಈಗ ಹೆಣ್ಣಿನ ಕಡೆಯವರು ಮೊದಲು ಕೇಳುವುದು, ‘ಹುಡುಗ ನಾಲ್ಕು ವರ್ಷದವನೋ, ಪೂರ್ತಿ ಸರ್ವೀಸಿನವನೋ?’ ಎಂದು.